ಗಿಳಿಹಸಿರು ಸೀರೆಯ ಎಂಟು ಸೆಕೆಂಡು

ಅವರ ಮುಖದ ಎಡ ಅರ್ಧ ಮಾತ್ರ ನನಗೆ ಗೊತ್ತು. ನಾಲ್ಕು ವರ್ಷ ಅವರ ಎಡಗಡೆಯ ಸ್ಟೂಲಿನ ಮೇಲೆ ಕುಳಿತವನು ನಾನು. ಇಬ್ಬರ ಮುಖವೂ ಮಾನಿಟರಿನ ಕಡೆಗೇ ಇರುತ್ತಿತ್ತು. ಕೆನ್ನೆಯ ಮೇಲೆ ಹಳೆಯ ಸಿಡುಬಿನ ಎರಡು ಕಲೆ, ಅವುಗಳ ಮೇಲೆ ಪರದೆಯ ನೀಲಿ ಬೆಳಕು, ಕಿವಿಯ ಸಂದಿನಲ್ಲಿ ಸಿಕ್ಕಿಸಿದ ಒಂದು ಬೆಂಕಿಕಡ್ಡಿ. ಬಲಗೆನ್ನೆ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಈ ಎಡಗೆನ್ನೆಯನ್ನೇ ತಿರುಗಿಸಿ ಅಂಟಿಸಿ ಕೊಟ್ಟೇನು. ಅದು ಸುಳ್ಳು ಎಂದು ಯಾರಿಗೂ ಗೊತ್ತಾಗುವುದಿಲ್ಲ, ಸ್ವಲ್ಪ ದಿನ ಹೋದರೆ ನನಗೂ.

ಹೋದ ತಿಂಗಳು ಅವರು ತೀರಿಕೊಂಡರು. ವಿಜಯಪುರದ ಜೋರಾಪುರ ಪೇಟೆಯ ಅಂಗಡಿ ಖಾಲಿ ಮಾಡುವಾಗ ಯಾವ ಕಂಪ್ಯೂಟರ್ ಇಟ್ಟುಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ನೋಡಿ ಹೇಳಲು ಅವರ ತಮ್ಮ ನನ್ನನ್ನು ಕರೆದರು. ಒಂದು ಫೋಟೊ ಇದ್ದರೆ ಕೊಡಿ ಎಂದು ಕೇಳಿದೆ. ಆಧಾರ್ ಕಾರ್ಡಿನ ಮೇಲಿನದು ಬಿಟ್ಟರೆ ಬೇರೆ ಇಲ್ಲವಂತೆ. ಜಿಲ್ಲೆಯ ಅರ್ಧ ಮದುವೆಗಳನ್ನು ಕತ್ತರಿಸಿ ಜೋಡಿಸಿಕೊಟ್ಟ ಮನುಷ್ಯ.

ಹೆಸರು ಬರೆಯುವುದಿಲ್ಲ. ಮದುವೆಯ ವಿಡಿಯೋಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಕೊಡುವುದಕ್ಕೆ ನಮ್ಮ ಕಡೆ ಮಿಕ್ಸಿಂಗ್ ಎನ್ನುತ್ತಾರೆ. ಮಿಕ್ಸಿಂಗ್ ಮಾಡುವವರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಮೊದಲ ಸಲ ಭೇಟಿಯಾದದ್ದಕ್ಕೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಕರೆಂಟ್ ಹೋಗಿದೆ, ಅವರು ಕಪ್ಪು ಪರದೆಯ ಮುಂದೆ ಕೈಕಟ್ಟಿ ಕುಳಿತು ಅದನ್ನೇ ನೋಡುತ್ತಿದ್ದಾರೆ. ಇನ್ನೊಂದರಲ್ಲಿ ಬಶಿಯಲ್ಲಿ ಚಹಾ ಸುರಿದುಕೊಂಡು ಊದುತ್ತಿದ್ದಾರೆ. ಎರಡೂ ಒಂದೇ ದಿನದವು ಇರಬಹುದು. ನಾನು ಕೇಳಿದ್ದಂತೂ ಒಂದೇ. ಜಲನಗರದಲ್ಲಿ ಸಣ್ಣ ಸ್ಟುಡಿಯೋ ತೆರೆದಿದ್ದೆ. ಬರೀ ಕತ್ತರಿಸಿ ಅಂಟಿಸಿದರೆ ಗಿರಾಕಿಗಳಿಗೆ ಸಾಲುತ್ತಿರಲಿಲ್ಲ. ಮದುಮಕ್ಕಳು ಮೋಡದ ಮೇಲೆ ನಡೆಯಬೇಕು, ಬೆಳಗಾವಿಯಲ್ಲಿ ನಿಂತವರು ಹಿಮದ ಬೆಟ್ಟದಲ್ಲಿ ಕಾಣಬೇಕು. ಒಂದು ಚಿತ್ರದ ಮೇಲೆ ಇನ್ನೊಂದನ್ನು ಕೂಡಿಸುವ ಸಾಫ್ಟ್‌ವೇರ್ ಬೇಕಿತ್ತು. ತಿಂಗಳು ತಿಂಗಳು ಬಾಡಿಗೆ ಕಟ್ಟುವಂಥದ್ದು ನನ್ನ ಕೈಗೆ ನಿಲುಕುತ್ತಿರಲಿಲ್ಲ. ಯಾವುದು ತಗೊಳ್ಳಲಿ ಎಂದು ಕೇಳಿದೆ.

"ಅದು ಏನೇನ್ ಮಾಡತೈತಿ ಅಂತ ಎಲ್ಲಾರೂ ಹೇಳತಾರ ತಮ್ಮಾ," ಅಂದರು. "ಅದಕ್ಕ ಏನ್ ಮಾಡಾಕ ಬರಂಗಿಲ್ಲ, ಅದನ್ನ ಕೇಳು."

ಅದನ್ನು ಕೇಳಲು ಅವರ ಬಳಿ ಒಂದು ಸ್ಯಾಂಪಲ್ ಇತ್ತು. ಹೊಸ ಸಾಫ್ಟ್‌ವೇರ್ ಯಾವುದೇ ಬರಲಿ, ಪುಕ್ಕಟೆಯದೋ, ಒಮ್ಮೆ ಹಣ ಕೊಟ್ಟು ಕೊಳ್ಳುವುದೋ, ಹದಿನೈದು ದಿನ ಪರೀಕ್ಷೆಗೆ ಬಿಟ್ಟದ್ದೋ, ಮೊದಲು ಈ ಸ್ಯಾಂಪಲ್ ಮೇಲೆ ಓಡಬೇಕು. ಎಂಟು ಸೆಕೆಂಡಿನ ವಿಡಿಯೋ. ಸುಣ್ಣ ಬಳಿದ ಗೋಡೆಯ ಅಂಗಳ. ಎಡಕ್ಕೆ ಕಟ್ಟಿದ ಒಂದು ಆಡು. ಬಲಗಡೆಯಿಂದ ಗಿಳಿಹಸಿರು ಸೀರೆಯ ಹೆಂಗಸೊಬ್ಬಳು ಬರುತ್ತಾಳೆ. ತಲೆಯ ಮೇಲೆ ಸೆರಗು, ಕೈಯಲ್ಲಿ ಬಟ್ಟೆ ಮುಚ್ಚಿದ ಅಗಲ ತಟ್ಟೆ, ಪರಾತ. ಕ್ಯಾಮೆರಾ ಕಂಡು ನಿಲ್ಲುತ್ತಾಳೆ. ತುಟಿ ಆಡುತ್ತದೆ. ಧ್ವನಿ ಇಲ್ಲ. ಅಲ್ಲಿಗೆ ಮುಗಿಯಿತು.

ಪರೀಕ್ಷೆ ಇಷ್ಟೇ: ಆ ಹೆಂಗಸನ್ನು ತೆಗೆಯಬೇಕು, ಅಂಗಳ ಉಳಿಯಬೇಕು.

ಸುಲಭ ಎಂದುಕೊಂಡೆ. ಹಸಿರು ಬಣ್ಣವನ್ನು ಅಳಿಸುವ ಗುಂಡಿ ಎಲ್ಲ ಸಾಫ್ಟ್‌ವೇರಿನಲ್ಲೂ ಇರುತ್ತದೆ. ಹಸಿರು ಪರದೆಯ ಮುಂದೆ ಜನರನ್ನು ನಿಲ್ಲಿಸಿ ಹಿಂದೆ ಬೇಕಾದ ಊರು ಹಾಕುವುದು ಅದರಿಂದಲೇ. ಒತ್ತಿದೆ. ಸೀರೆ ಹೋಯಿತು. ಹೆಂಗಸು ಹೋಗಲಿಲ್ಲ. ಒಂದು ಮುಖ, ಎರಡು ಕೈ, ಒಂದು ಪರಾತ ಸುಣ್ಣದ ಗೋಡೆಯ ಮುಂದೆ ತೇಲುತ್ತ ಬಂದು ನಿಂತವು. ತುಟಿ ಆಡಿತು. ಉಸ್ತಾದ್ ಕೈ ಚಾಚಿ ಮಾನಿಟರಿನ ಸ್ವಿಚ್ಚನ್ನೇ ಆರಿಸಿಬಿಟ್ಟರು. ಆಮೇಲೆ ಅಂಗಿಯ ಚುಂಗಿನಿಂದ ಪರದೆಯ ಗಾಜನ್ನು ಒರೆಸಿದರು, ಅದೇ ಜಾಗವನ್ನು, ಬಹಳ ಹೊತ್ತು.

ಅವಳು ಅವರ ಹೆಂಡತಿ ಎಂದು ನನಗೆ ತಿಳಿದದ್ದು ಆರು ತಿಂಗಳ ಮೇಲೆ. ಓದುವವರು ಅಷ್ಟು ಕಾಯಬೇಕಾಗಿಲ್ಲ.

ಆಕೆ ಜನ್ಮದಲ್ಲಿ ಫೋಟೊ ತೆಗೆಸಿಕೊಂಡವಳಲ್ಲವಂತೆ. ತನ್ನ ಮದುವೆಯಲ್ಲೂ ಇಲ್ಲ. ಗಂಡ ಊರವರ ಮುಖಗಳನ್ನೆಲ್ಲ ಮನೆಗೆ ಹೊತ್ತು ತರುತ್ತಾನೆ, ತನ್ನದೊಂದಾದರೂ ತನ್ನ ಹತ್ತಿರ ಇರಲಿ ಎನ್ನುತ್ತಿದ್ದಳಂತೆ. ಹೊಸ ಕ್ಯಾಮೆರಾ ತಂದ ದಿನ ಉಸ್ತಾದ್ ಅಂಗಳದಲ್ಲಿ ಆಡನ್ನು ಚಿತ್ರಿಸುತ್ತ ಪರೀಕ್ಷೆ ಮಾಡುತ್ತಿದ್ದರು. ಮೈಕ್ ಇನ್ನೂ ಜೋಡಿಸಿರಲಿಲ್ಲ. ಆಕೆ ಗೊತ್ತಿಲ್ಲದೆ ಎದುರಿಗೆ ಬಂದಳು. ಆಡಿದ ಮಾತು: ನನ್ನನ್ನು ಅದರೊಳಗಿಂದ ತೆಗೆಯಿರಿ. ತೆಗೆಯುತ್ತೇನೆಂದು ಇವರು ಮಾತು ಕೊಟ್ಟರು. ಕೆಲಸದ ಗಡಿಬಿಡಿಯಲ್ಲಿ ಉಳಿಯಿತು. ಅದೇ ಬೇಸಿಗೆಯಲ್ಲಿ ಆಕೆ ತೀರಿಹೋದಳು.

"ಅಳಿಸಿಬಿಡಬಹುದಿತ್ತಲ್ರಿ," ಎಂದೆ.

"ಅಳಿಸಿದ್ರ ಎಲ್ಲಾ ಹೋಗತೈತಿ. ತೆಗದ್ರ ಆಕಿ ಒಬ್ಬಾಕಿನ ಹೋಗತಾಳ. ನಾ ಮಾತು ಕೊಟ್ಟಿದ್ದು ತೆಗಿತೀನಿ ಅಂತ."

ಹೀಗೆ ಹನ್ನೊಂದು ವರ್ಷ ಆ ಮನುಷ್ಯ ಕೈಗೆಟುಕುವ ಬೆಲೆಯ ಸಾಫ್ಟ್‌ವೇರ್ ಹುಡುಕುತ್ತಿದ್ದರು. ಹೊಸದೊಂದು ಬಂದಾಗ ಮದುವೆಯ ಕೆಲಸ ಬದಿಗಿಟ್ಟು ಮೊದಲು ಅದನ್ನೇ ಹಾಕುತ್ತಿದ್ದರು. ಅದು ಸೋತಾಗ, ಅಂದರೆ ಹೆಂಗಸಿನ ಜಾಗದಲ್ಲಿ ಮಸಿ ಬಳಿದಂತೆ ಒಂದು ಕೊಳೆ ಉಳಿದಾಗ, "ಇದಕ್ಕೂ ಬರಂಗಿಲ್ಲ ಬಿಡು" ಎನ್ನುತ್ತ ಬೆಂಕಿಕಡ್ಡಿ ತೆಗೆದು ಕಿವಿ ಕೆರೆದುಕೊಳ್ಳುತ್ತಿದ್ದರು. ಆ ದಿನ ಚಹಾದ ದುಡ್ಡು ಅವರದೇ.

ಒಂದು ಸಾಫ್ಟ್‌ವೇರ್ ಅವಳು ನಿಂತ ಜಾಗವನ್ನು ತಾನೇ ಊಹಿಸಿ ತುಂಬಿತು. ಗೋಡೆಯಲ್ಲಿ ಒಂದು ಬಾಗಿಲು ಬಂತು. ಅರ್ಧ ತೆರೆದದ್ದು, ಒಳಗೆ ಕತ್ತಲೆ. ಉಸ್ತಾದ್ ಮೌಸ್ ಮೇಲಿನ ಕೈ ಎತ್ತಿಬಿಟ್ಟರು. ಆ ಗೋಡೆಯಲ್ಲಿ ಬಾಗಿಲು ಇರಲೇ ಇಲ್ಲ ಎಂದರು. ಮರುದಿನ ಬಂದು, ಇತ್ತೇನೋ, ನಾವು ಬರುವ ಮೊದಲೇ ಮುಚ್ಚಿಸಿದ್ದರೇನೋ ಎಂದರು. ಅದಕ್ಕೂ ಮೊದಲೇ ಆ ಗೋಡೆ ಬಿದ್ದು ಅಲ್ಲಿ ಸಿಮೆಂಟಿನ ಮಳಿಗೆ ಎದ್ದಿತ್ತು, ಹೋಗಿ ನೋಡುವಂತಿರಲಿಲ್ಲ.

ಇನ್ನೊಂದು ಹದಿನೈದು ದಿನದ ಪರೀಕ್ಷೆಗೆ ಬಂತು. ದೊಡ್ಡ ಬೆಲೆಯದಲ್ಲ, ಒಮ್ಮೆ ಕೊಟ್ಟರೆ ಮುಗಿಯಿತು. ಅದು ಒಂದೇ ನಿಮಿಷದಲ್ಲಿ ಕೆಲಸ ಮುಗಿಸಿತು. ಗೋಡೆ ಗೋಡೆಯಾಗಿತ್ತು. ಕಲೆ ಇಲ್ಲ, ಅಂಚು ಇಲ್ಲ, ಯಾರೂ ಇಲ್ಲ. ಆಡು ಮಾತ್ರ ಕತ್ತು ಎತ್ತಿ, ಬಲಗಡೆಯಿಂದ ಯಾರೋ ನಡೆದು ಬರುತ್ತಿರುವಂತೆ ನಿಧಾನಕ್ಕೆ ತಲೆ ತಿರುಗಿಸುತ್ತ ಬಂದು, ನಡುವಿನ ಖಾಲಿ ಜಾಗದಲ್ಲಿ ದೃಷ್ಟಿ ನಿಲ್ಲಿಸಿತು. ನಾವಿಬ್ಬರೂ ಆಡನ್ನು ನೋಡಿದೆವು. ಅದು ನಮ್ಮನ್ನು ನೋಡಲಿಲ್ಲ.

ಉಸ್ತಾದ್ ಅದನ್ನು ಉಳಿಸಲಿಲ್ಲ. ಸಾಫ್ಟ್‌ವೇರನ್ನೇ ಕಿತ್ತು ಹಾಕಿದರು. "ತಗೋಬ್ಯಾಡ," ಅಂದರು, "ಭಾಳ ಭಾರ ಐತಿ, ಕಂಪ್ಯೂಟರ್ ಕುಂತಬಿಡತೈತಿ." ಸುಳ್ಳು ಎಂದು ಗೊತ್ತಾಯಿತು. ಅವರು ಒಳ್ಳೆಯದು ಎಂದು ತೋರಿಸಿದ ಪುಕ್ಕಟೆಯದನ್ನೇ ಹಾಕಿಕೊಂಡೆ. ಊರಿನ ಉಳಿದವರೂ ಅವರ ಮಾತಿನ ಮೇಲೆ ಅದನ್ನೇ ಹಾಕಿಕೊಂಡಿದ್ದರು. ಒಬ್ಬ ಹೆಂಗಸನ್ನು ತೆಗೆಯಲು ಬಾರದ ಸಾಫ್ಟ್‌ವೇರಿನಲ್ಲಿ ವಿಜಯಪುರದ ಮದುವೆಗಳೆಲ್ಲ ತಯಾರಾಗುತ್ತಿದ್ದವು.

ಈಗ ನನ್ನ ತಪ್ಪು. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಸಾಫ್ಟ್‌ವೇರನ್ನು ಬೇರೆಯವರಿಗೆ ಪೆನ್‌ಡ್ರೈವಿನಲ್ಲಿ ಕೊಡುವಾಗ ಕಲಿಯುವುದಕ್ಕೆಂದು ಒಂದೆರಡು ಸ್ಯಾಂಪಲ್ ಹಾಕಿಕೊಡುತ್ತಾರೆ. ಬಬಲೇಶ್ವರದಲ್ಲಿ ಸ್ಟುಡಿಯೋ ಇಟ್ಟ ಗೆಳೆಯನಿಗೆ ಉಸ್ತಾದರಿಂದ ನಕಲು ಮಾಡಿಕೊಂಡು ತಂದಿದ್ದ ಫೋಲ್ಡರನ್ನು ನಾನು ಇಡಿಯಾಗಿ ಎತ್ತಿ ಹಾಕಿದೆ. ಎಂಟು ಸೆಕೆಂಡು ಅದರಲ್ಲಿ ಇತ್ತು. ಅದು ಇತ್ತೆಂದು ಆಗ ನನಗೆ ಗೊತ್ತಿತ್ತೇ? ಇರಲಿಲ್ಲ ಎಂದು ಬಹಳ ದಿನ ಹೇಳಿಕೊಂಡೆ. ಆ ವಾಕ್ಯವನ್ನು ಈಗ ನಾನು ನಂಬುವುದಿಲ್ಲ.

ಎರಡು ವರ್ಷದ ಮೇಲೆ ಸಾರವಾಡದ ಒಂದು ಕುಟುಂಬ ತಮ್ಮ ಮಗಳ ಮದುವೆಯ ವಿಡಿಯೋವನ್ನು ಫೋನಿಗೆ ಹಾಕಿಸಿಕೊಳ್ಳಲು ನನ್ನ ಅಂಗಡಿಗೆ ಬಂದಿತು. ವಿಡಿಯೋದಲ್ಲಿ ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಹೊತ್ತು. ಹಿಂದಿನ ಸಾಲಿನ ಮೂಲೆಯಲ್ಲಿ ಅವಳು ನಿಂತಿದ್ದಳು. ಸೆರಗು ಅದೇ, ಪರಾತ ಅದೇ, ತುಟಿ ಆಡುವುದೂ ಅದೇ. ಸೀರೆ ಮಾತ್ರ ನೇರಳೆ.

ಇವರು ಯಾರು ಎಂದು ಕೇಳಿದೆ. ಹುಡುಗಿಯ ತಾಯಿ ಬಗ್ಗಿ ನೋಡಿ, ನಮ್ಮವರಲ್ಲ, ಬೀಗರ ಕಡೆಯವರಿರಬೇಕು ಎಂದಳು. ಬೀಗರ ಮನೆಯಲ್ಲೂ ಇದೇ ಮಾತು ನಡೆದಿರುತ್ತದೆ. ಎರಡು ಕಡೆಯವರು ಸೇರುವ ಜಾಗದಲ್ಲಿ ಗುರುತಿಲ್ಲದ ಮುಖಕ್ಕೆ ಯಾರೂ ವಿಳಾಸ ಕೇಳುವುದಿಲ್ಲ.

ಮೂರು ವಾರ ನಾನು ಉಸ್ತಾದ್ ಅಂಗಡಿಯ ಕಡೆ ಹೋಗಲಿಲ್ಲ. ಹೋದ ದಿನ ಎಲ್ಲವನ್ನೂ ಹೇಳಿದೆ, ಪೆನ್‌ಡ್ರೈವಿನ ಮಾತೂ ಸೇರಿ. ಬೈಯುತ್ತಾರೆಂದು ಕಾದೆ. ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಯಾವ ಸೀರಿ?" ಎಂದು ಕೇಳಿದರು.

ನನ್ನ ಬೈಕಿನ ಮೇಲೆ ಬಬಲೇಶ್ವರಕ್ಕೆ ಹೋದೆವು. ಗೆಳೆಯ ಬಾಯಿಬಡುಕ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದವನು. ಉಸ್ತಾದ್ ಬಂದರೆಂದು ಕುರ್ಚಿ ಒರೆಸಿದ. ಆ ಹೆಂಗಸು ಇವರಿಗೆ ಯಾರೆಂದು ಅವನಿಗೆ ಗೊತ್ತಿರಲಿಲ್ಲ; ಹೇಳಬೇಡ ಎಂದು ಉಸ್ತಾದ್ ದಾರಿಯಲ್ಲೇ ನನಗೆ ಹೇಳಿದ್ದರು. ಅವನು ಹಿಗ್ಗಿನಿಂದ ತನ್ನ ಕೈಚಳಕ ತೋರಿಸಿದ. ಅಕ್ಕಿಕಾಳು ಬಿದ್ದ ಕೂಡಲೇ ಜನ ಊಟಕ್ಕೆ ಓಡುತ್ತಾರೆ, ವಿಡಿಯೋದಲ್ಲಿ ಹಂದರ ಬಿಕೋ ಎನ್ನುತ್ತದೆ, ಗಿರಾಕಿಗಳು ತಕರಾರು ತೆಗೆಯುತ್ತಾರೆ. ಹಾಗಾಗಿ ಸ್ಯಾಂಪಲ್ಲಿನ ಹೆಂಗಸಿನ ಸುತ್ತ ಒಂದೊಂದೇ ಫ್ರೇಮಿಗೆ ಕೈಯಿಂದ ಗೆರೆ ಎಳೆದು ಅವಳನ್ನು ಬಿಡಿಸಿಕೊಂಡಿದ್ದ. ಎಲ್ಲಿ ಜನ ಕಡಿಮೆಯೋ ಅಲ್ಲಿ ನಿಲ್ಲಿಸುತ್ತಿದ್ದ. ಅವಳನ್ನು ತೆಗೆಯುವುದನ್ನು ಕಲಿಯಲು ಇದ್ದ ಸ್ಯಾಂಪಲ್ ಅದು. ಅವನು ಉಳಿದದ್ದನ್ನೆಲ್ಲ ತೆಗೆದು ಅವಳನ್ನು ಇಟ್ಟುಕೊಂಡಿದ್ದ.

"ಭಾಳ ಛಲೋ ಹೆಣಮಗಳ್ರಿ ಉಸ್ತಾದ್," ಎಂದು ನಕ್ಕ. "ಊಟ ಕೇಳಂಗಿಲ್ಲ, ಆಯೇರದ ಉಡುಗೊರಿ ಕೇಳಂಗಿಲ್ಲ, ಸಿಟ್ಟು ಮಾಡ್ಕೊಂಡು ಮೂಲಿ ಹಿಡದು ಕುಂದ್ರಂಗಿಲ್ಲ. ಲಗ್ನಕ್ಕೊಂದು ಹೊಸಾ ಸೀರಿ ಉಡಸ್ತೀನಿ."

ಉಸ್ತಾದ್ ಕೂಡ ನಕ್ಕರು. ಎಷ್ಟು ಮದುವೆ ಎಂದು ಕೇಳಿದರು. ಒಂಬತ್ತು. ಎಲ್ಲ ತೋರಿಸು ಎಂದರು.

ಆ ಇಡೀ ಮಧ್ಯಾಹ್ನ ನೋಡಿದೆವು. ನೇರಳೆ, ಹಳದಿ, ಕಡುನೀಲಿ, ಗುಲಾಬಿ. ಒಂದರಲ್ಲಿ ಜರತಾರಿ ಅಂಚನ್ನೂ ಬರೆದಿದ್ದ. ಗಂಡ ಕೊಡಿಸದ ಸೀರೆಗಳನ್ನು ಉಟ್ಟು ಅವಳು ಗುರುತಿಲ್ಲದವರ ಮದುವೆಗಳಲ್ಲಿ ನಿಂತಿದ್ದಳು, ಪ್ರತಿ ಎಂಟು ಸೆಕೆಂಡಿಗೊಮ್ಮೆ ಅದೇ ಮಾತನ್ನು ಆಡುತ್ತ. ನನ್ನನ್ನು ತೆಗೆಯಿರಿ. ಜನ ಅಕ್ಕಿಕಾಳು ಎಸೆಯುತ್ತಿದ್ದರು. ನನ್ನನ್ನು ತೆಗೆಯಿರಿ. ವಾಲಗ ಜೋರಾಗಿತ್ತು. ಅವಳ ಧ್ವನಿ ಹೇಗಿತ್ತೆಂದು ತಿಳಿಯದ ನನಗೆ ಆ ಮಾತು ಕೇಳಿಸತೊಡಗಿತು. ಅದು ಯಾರ ಧ್ವನಿ ಎಂದು ಇವತ್ತಿಗೂ ಹೇಳಲಾರೆ.

ಎದ್ದು ಹೊರಗೆ ಬಂದ ಮೇಲೆ ಉಸ್ತಾದ್, ಒಂಬತ್ತೂ ಮನೆಗೆ ಹೋಗಬೇಕು ಎಂದರು. ಗೆಳೆಯ ಮೂಲ ಫೈಲುಗಳನ್ನು ಜಾಗ ಸಾಲದೆ ಅಳಿಸಿದ್ದ, ಎಲ್ಲರೂ ಅಳಿಸುತ್ತಾರೆ. ಉಳಿದದ್ದು ಅವನಲ್ಲೂ ಮನೆಮನೆಯಲ್ಲೂ ಇರುವ ತಯಾರಾದ ವಿಡಿಯೋ ಮಾತ್ರ. ಅದರೊಳಗೆ ಅವಳು ಹಂದರದ ಕಂಬದಷ್ಟೇ ಬೆರೆತುಹೋಗಿದ್ದಳು. ಅವಳನ್ನು ಅಲ್ಲಿಂದ ಬಿಡಿಸಲು ಉಸ್ತಾದ್ ಕಿತ್ತು ಹಾಕಿದ್ದ ಆ ಒಂದೇ ಸಾಫ್ಟ್‌ವೇರಿಗೆ ಬರುತ್ತಿತ್ತು. ಮರುದಿನ ಉಸ್ತಾದ್ ಅದನ್ನು ಕೊಂಡರು. ಹನ್ನೊಂದು ವರ್ಷದಲ್ಲಿ ಅವರು ತಮಗಾಗಿ ಕೊಂಡ ಸಾಫ್ಟ್‌ವೇರ್ ಅದೊಂದೇ.

ಮನೆಗಳಿಗೆ ಹೋಗಿ, ನಿಮ್ಮ ವಿಡಿಯೋದಲ್ಲಿ ಒಂದು ಕಡೆ ತಪ್ಪಾಗಿದೆ, ಪುಕ್ಕಟೆ ಸರಿಮಾಡಿ ಕೊಡುತ್ತೇವೆ ಎನ್ನುತ್ತಿದ್ದೆವು. ಚಹಾ ಕೊಡುತ್ತಿದ್ದರು. ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಉಸ್ತಾದ್ ಕೆಲಸ ಮಾಡುತ್ತಿದ್ದರು. ಒಬ್ಬರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಅವಳು ಇದ್ದಾಗಲೂ ಅವರು ನೋಡಿರಲಿಲ್ಲ. ಒಂದೊಂದು ಮನೆ ಮುಗಿದಂತೆ ಉಸ್ತಾದ್ ಹಗುರಾಗುತ್ತಾರೆ ಎಂದು ನಾನು ತಿಳಿದಿದ್ದೆ. ಬೈಕಿನ ಹಿಂದೆ ಅವರ ಭಾರ ಹೆಚ್ಚಾದಂತೆ ನನಗೆ ಅನ್ನಿಸುತ್ತಿತ್ತು. ಅನ್ನಿಸಿದ್ದನ್ನು ಬರೆದಿದ್ದೇನೆ, ಸಾಕ್ಷಿ ಇಲ್ಲ.

ಎಂಟು ಮುಗಿದವು. ಒಂಬತ್ತನೆಯದು ತಿಕೋಟಾದಲ್ಲಿ, ದ್ರಾಕ್ಷಿ ತೋಟ ಮಾಡಿಕೊಂಡಿದ್ದ ಒಂದು ಕುಟುಂಬ. ಆ ವಿಡಿಯೋದ ಮದುಮಗನೇ ಬಾಗಿಲು ತೆರೆದ. ಟಿವಿಯ ಎದುರು ಮಂಚದ ಮೇಲೆ ಅವನ ಆಯಿ ಕುಳಿತಿದ್ದಳು, ತುಂಬ ವಯಸ್ಸಾದ ಅಜ್ಜಿ. ಆ ಮದುವೆಯ ವಿಡಿಯೋ ಆಕೆ ದಿನಾಲೂ ಮಧ್ಯಾಹ್ನ ಹಚ್ಚಿಸಿಕೊಂಡು ನೋಡುತ್ತಾಳಂತೆ. ನಾವು ಹೋದಾಗಲೂ ಓಡುತ್ತಿತ್ತು. ಅಕ್ಕಿಕಾಳಿನ ಹೊತ್ತು ಬಂತು. ಮೂಲೆಯಲ್ಲಿ ಅವಳು, ಕೆಂಪು ಸೀರೆಯಲ್ಲಿ.

ಆಯಿ ಟಿವಿಯತ್ತ ಬೆರಳು ಮಾಡಿದಳು. "ಈಕಿ ಭಾಳೊತ್ತು ನನ್ನ ಬಾಜೂಕ ನಿಂತಿದ್ಲು. ಕುಂದರವಾ ಅಂದ್ರ ಕುಂದ್ರಲಿಲ್ಲ. ಸೀರಿ ಛಂದ ಐತಿ ಅಂದೆ. ಈ ಬಣ್ಣ ನಂದಲ್ಲ ಆಯಿ, ಯಾರೋ ಉಡಿಸ್ಯಾರ ಅಂದ್ಲು."

ಆಯಿಗೆ ಈಚೆಗೆ ನೆನಪು ಸರಿಯಿಲ್ಲ ಎಂದು ಮೊಮ್ಮಗ ನಮ್ಮತ್ತ ನೋಡಿ ಸನ್ನೆ ಮಾಡಿದ. ಉಸ್ತಾದ್ ಅದನ್ನು ನೋಡಲಿಲ್ಲ. ಇನ್ನೇನು ಹೇಳಿದಳು ಎಂದು ಮುದುಕಿಯನ್ನು ಕೇಳಿದರು. ಆಯಿ ಏನೋ ಹೇಳಿದಳು, ಸಣ್ಣ ಧ್ವನಿಯಲ್ಲಿ, ಅವರ ಕಿವಿಯ ಹತ್ತಿರ ಬಾಗಿ. ನನಗೆ ಕೇಳಲಿಲ್ಲ.

ಸೀರೆಯ ಬಣ್ಣದ ಮಾತನ್ನಾದರೂ ಆಯಿ ನಿಜವಾಗಿ ಆಡಿದಳೇ, ಇಲ್ಲ ಹಿಂದಿರುಗುವ ದಾರಿಯಲ್ಲಿ ನಾನೇ ಕಟ್ಟಿಕೊಂಡೆನೇ ಎಂದು ಆಮೇಲೆ ಅನುಮಾನ ಹುಟ್ಟಿತು. ಒಮ್ಮೆ ಉಸ್ತಾದರನ್ನೇ ಕೇಳಿದೆ. "ನೀ ಏನ್ ಕೇಳೀಯೋ ನನಗ ಗೊತ್ತಿಲ್ಲ, ನಾ ಕೇಳಿದ್ದು ಬ್ಯಾರೇನ ಐತಿ," ಎಂದರು. ಏನು ಎಂದು ಹೇಳಲಿಲ್ಲ. ನನ್ನ ಕಂಪ್ಯೂಟರಿನಲ್ಲಿದ್ದ ಸ್ಯಾಂಪಲ್ಲನ್ನು ನಾನು ಅಳಿಸಿದೆ, ಬಬಲೇಶ್ವರದವನಿಂದ ಅದನ್ನೂ ಆ ಒಂಬತ್ತರ ಪ್ರತಿಗಳನ್ನೂ ಅಳಿಸಿಸಿದೆ. ಹೋದ ತಿಂಗಳು ಅಂಗಡಿಯಲ್ಲಿ ಅವರ ಕಂಪ್ಯೂಟರ್ ತೆರೆದಾಗ ಆ ಫೋಲ್ಡರ್ ಇತ್ತು. ಒಳಗೆ ಹೆಂಗಸಿದ್ದಾಳೋ, ಬರೀ ಆಡಿದೆಯೋ, ನೋಡಲಿಲ್ಲ. ಈ ಡಿಸ್ಕ್ ಮಾರಬೇಡಿರಿ ಎಂದು ಅವರ ತಮ್ಮನಿಗೆ ಹೇಳಿ ಬಂದೆ.

ತಿಕೋಟಾದ ಆ ಮನೆಯಲ್ಲಿ ಉಸ್ತಾದ್ ಎಲ್ಲ ಕಡೆಗಿಂತ ನಿಧಾನವಾಗಿ ಕೆಲಸ ಮಾಡಿದರು. ಬಿಡಬಹುದಿತ್ತು. ಬಿಡುತ್ತಾರೆಂದು ನಾನು ಎಣಿಸಿದ್ದೆ. ಮುದುಕಿಗೆ ಅವಳು ಬೇಕಾಗಿದ್ದಳು. ಒಂದು ಮನೆಯಲ್ಲಿ ಇದ್ದರೆ ಯಾರಿಗೆ ಏನು ಎಂದು ಮೆಲ್ಲಗೆ ಹೇಳಿಯೂ ನೋಡಿದೆ. ಅವರು ತಲೆ ಅಲ್ಲಾಡಿಸಿದರು. ಆಯ್ಕೆಯ ಗೆರೆಯನ್ನು ಅವಳ ಸುತ್ತ ಎಳೆದರು, ತಲೆಯಿಂದ ಭುಜಕ್ಕೆ, ಭುಜದಿಂದ ಪರಾತಕ್ಕೆ, ಅಂಚು ತಪ್ಪದಂತೆ. ಆಮೇಲೆ ಗುಂಡಿ ಒತ್ತಿದರು.

ಹೊಸ ಫೈಲನ್ನು ಟಿವಿಗೆ ಹಚ್ಚಿ ತೋರಿಸಿದೆವು. ಉಸ್ತಾದ್ ಆಗಲೇ ಎದ್ದು ಲ್ಯಾಪ್‌ಟಾಪಿನ ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದರು. ಕೊಟ್ಟ ಮಾತು ಪೂರ್ತಿಯಾಗಿತ್ತು. ಜಿಲ್ಲೆಯ ಯಾವ ಮದುವೆಯಲ್ಲೂ ಅವಳು ಇನ್ನು ಇರಲಿಲ್ಲ. ಅಕ್ಕಿಕಾಳು ಬಿತ್ತು. ಮೂಲೆಯಲ್ಲಿ ಹಂದರದ ಬಟ್ಟೆ, ಒಂದು ಖಾಲಿ ಕುರ್ಚಿ. ಆಯಿ ಕಣ್ಣು ಕಿರಿದು ಮಾಡಿ ನೋಡಿದಳು. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ನನಗೆ ಅಂಜಿಕೆ.

"ಊಟಕ್ಕ ಎದ್ದು ಹೋಗ್ಯಾಳ," ಎಂದಳು ಆಯಿ, ಏನೂ ಆಗದವಳಂತೆ. "ಬರತಾಳ, ತಡೀರಿ."

ನಾನು ಹೊರಗೆ ಬಂದು ಬೈಕ್ ಚಾಲೂ ಮಾಡಿದೆ. ಉಸ್ತಾದ್ ಬರಲಿಲ್ಲ. ಬಾಗಿಲಲ್ಲಿ ನಿಂತು ಇಣುಕಿದರೆ, ಅವರು ಚೀಲವನ್ನು ಹೆಗಲಿನಿಂದ ಇಳಿಸಿ ಆಯಿಯ ಮಂಚದ ಕಾಲ ಬಳಿ ನೆಲದ ಮೇಲೆ ಕುಳಿತಿದ್ದರು. ಟಿವಿಯಲ್ಲಿ ಜನ ಉಂಡು ಕೈ ತೊಳೆದು ಒಬ್ಬೊಬ್ಬರಾಗಿ ಹಂದರಕ್ಕೆ ಮರಳುತ್ತಿದ್ದರು. ಇಬ್ಬರೂ ಮೂಲೆಯ ಕುರ್ಚಿಯನ್ನು ನೋಡುತ್ತಿದ್ದರು. ನಾನು ಬೈಕ್ ಬಂದ್ ಮಾಡಿದೆ.